ಶಾರ್ಕ್‌ಗಳು ಬೇಡವೆಂದರೆ ವ್ಯಾಪಾರ ಕೆಟ್ಟದ್ದೇ?

ಲಾಭ ನಷ್ಟದ ಮಾತು ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ಬಹುಕಾಲ ಊಟದ ಹೊತ್ತಿನ ಮಾತಾಗಿರಲಿಲ್ಲ. ಮಗನಿಗೆ ಬ್ಯಾಂಕಿನಲ್ಲೋ ಸರ್ಕಾರಿ ಕಚೇರಿಯಲ್ಲೋ, ಆಮೇಲಿನ ದಿನಗಳಲ್ಲಿ ಸಾಫ್ಟ್‌ವೇರ್ ಕಂಪನಿಯಲ್ಲೋ ಕೆಲಸ ಸಿಕ್ಕರೆ ಸಾಕು ಎಂಬುದೇ ನಮ್ಮ ಅರ್ಥಶಾಸ್ತ್ರದ ಮೊದಲ ಹಾಗೂ ಕೊನೆಯ ಅಧ್ಯಾಯವಾಗಿತ್ತು. ಈಗ ಹಾಗಿಲ್ಲ. ಮದುವೆಯ ಪಂಕ್ತಿಯಲ್ಲಿ ಹೋಳಿಗೆ ಬಡಿಸುತ್ತಿದ್ದ ಅಡುಗೆಯವರನ್ನು, ‘ಒಂದು ಹೋಳಿಗೆಗೆ ನಿಮಗೆ ಎಷ್ಟು ಗಿಟ್ಟುತ್ತದೆ?’ ಎಂದು ಕೇಳಿದ ಹೈಸ್ಕೂಲು ಹುಡುಗನೊಬ್ಬನನ್ನು ಈಚೆಗೆ ಕಂಡೆ. ಅಡುಗೆಯವರು ಕಕ್ಕಾಬಿಕ್ಕಿಯಾದರು. ಹುಡುಗನ ತಂದೆ ಮಾತ್ರ ಹೆಮ್ಮೆಯಿಂದ, ‘ಇವನು ಶಾರ್ಕ್ ಟ್ಯಾಂಕ್ ಒಂದು ಕಂತೂ ಬಿಡುವುದಿಲ್ಲ’ ಎಂದರು.

ಸೋನಿ ವಾಹಿನಿಯಲ್ಲಿ ‘ಶಾರ್ಕ್ ಟ್ಯಾಂಕ್ ಇಂಡಿಯಾ’ ಆರಂಭವಾದದ್ದು 2021ರ ಡಿಸೆಂಬರ್ 20ರಂದು. ಉದ್ದಿಮೆ ಕಟ್ಟಿದವರು ಬಂದು, ಸಾಲಾಗಿ ಕುಳಿತ ಶ್ರೀಮಂತ ಹೂಡಿಕೆದಾರರ ಮುಂದೆ ತಮ್ಮ ಸರಕನ್ನು ವಿವರಿಸಿ, ಇಷ್ಟು ಪಾಲಿಗೆ ಇಷ್ಟು ಹಣ ಬೇಕೆಂದು ಕೇಳುವುದು. ಅವರು ಪ್ರಶ್ನಿಸಿ, ಚೌಕಾಸಿ ಮಾಡಿ, ಒಪ್ಪುವುದು ಇಲ್ಲವೇ ‘ನಾನು ಔಟ್’ ಎನ್ನುವುದು: ಇಷ್ಟೇ ಕಾರ್ಯಕ್ರಮ. ಕಲ್ಪನೆ ನಮ್ಮದಲ್ಲ, ಅಮೆರಿಕದವರದೂ ಅಲ್ಲ. 2001ರಿಂದ 2004ರವರೆಗೆ ಜಪಾನಿನ ನಿಪ್ಪಾನ್ ಟಿವಿಯಲ್ಲಿ ಬಂದ ‘ಮನಿ ನೋ ತೋರಾ’ ಇದರ ಮೂಲ. ಅಲ್ಲಿ ಹೂಡಿಕೆದಾರರು ಹಣದ ಹುಲಿಗಳಾಗಿದ್ದರು. 2005ರಲ್ಲಿ ಬ್ರಿಟನ್ನಿನ ಬಿಬಿಸಿಗೆ ಬಂದಾಗ ಡ್ರ್ಯಾಗನ್‌ಗಳಾದರು, 2009ರಲ್ಲಿ ಅಮೆರಿಕದ ಎಬಿಸಿ ವಾಹಿನಿಯಲ್ಲಿ ಶಾರ್ಕ್‌ಗಳಾದರು. ದೇಶ ಬದಲಾದಂತೆ ಪ್ರಾಣಿ ಬದಲಾಯಿತೇ ಹೊರತು ಕಚ್ಚುವ ಗುಣ ಬದಲಾಗಲಿಲ್ಲ.

ನಮ್ಮಲ್ಲಿ ಈ ಕಾರ್ಯಕ್ರಮ ಎಬ್ಬಿಸಿದ ಚರ್ಚೆಯಲ್ಲಿ ಹೆಚ್ಚಿನ ಪಾಲು ಹೂಡಿಕೆದಾರರ ನಡವಳಿಕೆಯನ್ನು ಕುರಿತದ್ದು. ಮೊದಲ ಆವೃತ್ತಿಯಲ್ಲಿ ಅಶ್ನೀರ್ ಗ್ರೋವರ್ ಅವರ ಒರಟು ಮಾತನ್ನು ಖಂಡಿಸಿದವರು ಎಷ್ಟಿದ್ದರೋ ಮೆಚ್ಚಿದವರೂ ಅಷ್ಟೇ ಇದ್ದರು. 2023ರ ಜನವರಿಯಲ್ಲಿ ಎರಡನೆಯ ಆವೃತ್ತಿ ಅವರಿಲ್ಲದೆ ಆರಂಭವಾದಾಗ, ‘ಉಪ್ಪಿಲ್ಲದ ಸಾರಿನಂತಿದೆ’ ಎಂದು ಕೊರಗಿದವರಲ್ಲಿ, ಹಿಂದಿನ ವರ್ಷ ‘ಇಷ್ಟು ಅವಮಾನಿಸಬಾರದಿತ್ತು’ ಎಂದಿದ್ದವರೂ ಸೇರಿದ್ದರು. ಪರರ ಅವಮಾನವನ್ನು ಖಂಡಿಸುತ್ತಲೇ ಸವಿಯುವ ನಮ್ಮ ಸ್ವಭಾವಕ್ಕೆ ಟಿವಿಯೊಂದೇ ಕಾರಣವಲ್ಲ. ಬಯಲಾಟದ ರಕ್ಕಸನ ಪ್ರವೇಶಕ್ಕಾಗಿ ಬೆಳಗಿನ ಜಾವದವರೆಗೂ ಎಚ್ಚರವಿದ್ದವರ ಮೊಮ್ಮಕ್ಕಳಲ್ಲವೇ ನಾವು?

ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದದ್ದು. ಎರಡನೆಯ ಆವೃತ್ತಿಯ ಹೊತ್ತಿಗೆ ಹೂಡಿಕೆದಾರರಲ್ಲಿ ಕೆಲವರ ಕಂಪನಿಗಳು 2021-22ರ ಸಾಲಿನಲ್ಲಿ ನಷ್ಟ ತೋರಿಸಿದ್ದ ಸಂಗತಿ ಜನರ ಬಾಯಿಗೆ ಬಿತ್ತು. ತಾವೇ ನಷ್ಟದಲ್ಲಿರುವವರು ಉಪ್ಪಿನಕಾಯಿ ಮಾರುವವರನ್ನು ‘ನಿಮ್ಮ ಲಾಭವೆಲ್ಲಿ?’ ಎಂದು ಗದರಿಸುವುದು ಯಾವ ನ್ಯಾಯ ಎಂಬುದು ಪ್ರಶ್ನೆ. ಕೇಳಬೇಕಾದ ಪ್ರಶ್ನೆಯೇ. ಆದರೆ ಅದರಲ್ಲಿ ಒಂದು ಗೊಂದಲವಿದೆ. ಮಾರುಕಟ್ಟೆ ಹಿಡಿಯಲು ವರ್ಷಗಟ್ಟಲೆ ನಷ್ಟ ಸಹಿಸುವುದು ಆ ಬಗೆಯ ಉದ್ದಿಮೆಗಳ ಲೆಕ್ಕದೊಳಗಿನ ಮಾತು. ಆ ನಷ್ಟ ತುಂಬುವುದು ಬೇರೆ ಹೂಡಿಕೆದಾರರ ಹಣ. ಕೊನೆಗೊಂದು ದಿನ ಕಂಪನಿ ಷೇರುಪೇಟೆ ಸೇರಿದಾಗ ಎಲ್ಲರ ಲೆಕ್ಕ ಚುಕ್ತಾ. ಮಾಮಾಅರ್ಥ್‌ನ ಮಾತೃಸಂಸ್ಥೆ 2023ರ ನವೆಂಬರಿನಲ್ಲಿ, ಲೆನ್ಸ್‌ಕಾರ್ಟ್ 2025ರ ನವೆಂಬರಿನಲ್ಲಿ ಷೇರುಪೇಟೆಗೆ ಬಂದವು. ಬೀದಿಯ ಕೊನೆಯ ಕಿರಾಣಿ ಅಂಗಡಿಯವನಿಗೆ ಈ ಸೌಲಭ್ಯವಿಲ್ಲ. ಅವನು ಆರು ತಿಂಗಳು ನಷ್ಟದಲ್ಲಿದ್ದರೆ ಏಳನೆಯ ತಿಂಗಳು ಬಾಗಿಲು ಹಾಕುತ್ತಾನೆ. ಎರಡೂ ವ್ಯಾಪಾರಗಳೇ, ಆದರೆ ಬೇರೆ ಬೇರೆ ಜಾತಿಯವು. ಈ ಭೇದವನ್ನು ಕಾರ್ಯಕ್ರಮ ಬಿಡಿಸಿ ಹೇಳುವುದಿಲ್ಲ, ವೀಕ್ಷಕರಾದ ನಾವೂ ಕೇಳುವುದಿಲ್ಲ. ನನ್ನ ತಕರಾರು ಇರುವುದು ಇಲ್ಲಿಯೇ.

ಅದಕ್ಕೆ ಬರುವ ಮುನ್ನ ‘ಇದೆಲ್ಲ ಮೊದಲೇ ಬರೆದಿಟ್ಟ ನಾಟಕ’ ಎಂಬ ಸಂಶಯವನ್ನು ಬೇಗ ಮುಗಿಸಿಬಿಡುತ್ತೇನೆ. ಮಾತು ಬರೆದಿಟ್ಟದ್ದಲ್ಲದಿರಬಹುದು, ಕತ್ತರಿಸಿದ್ದು ಮಾತ್ರ ಖಂಡಿತ. ಒಂದು ಗಂಟೆಯ ಸುಮಾರಿಗೆ ನಡೆಯುವ ಚೌಕಾಸಿ ತೆರೆಯ ಮೇಲೆ ಕೆಲವೇ ನಿಮಿಷಗಳಿಗೆ ಇಳಿಯುತ್ತದೆ. ಅದಕ್ಕಿಂತ ಮುಖ್ಯವಾದದ್ದು, ತೆರೆಯ ಮೇಲೆ ಕೈಕುಲುಕಿದ್ದು ಒಪ್ಪಂದವಲ್ಲ ಎಂಬ ಸಂಗತಿ. ಅದು ಮಾತುಕತೆಗೆ ಕೂರುವ ಒಪ್ಪಿಗೆ, ಅಷ್ಟೆ. ಅದಾದ ಮೇಲೆ ಲೆಕ್ಕಪತ್ರಗಳ ತಪಾಸಣೆ, ವಕೀಲರ ಓಡಾಟ, ಷರತ್ತುಗಳ ಜಗ್ಗಾಟ ತಿಂಗಳುಗಟ್ಟಲೆ ನಡೆಯುತ್ತದೆ. ಅಮೆರಿಕದ ಫೋರ್ಬ್ಸ್ ಪತ್ರಿಕೆ, ಮೊದಲ ಏಳು ಆವೃತ್ತಿಗಳಲ್ಲಿ ತೆರೆಯ ಮೇಲೆ ಒಪ್ಪಂದ ಗಿಟ್ಟಿಸಿದ್ದ 237 ಉದ್ದಿಮೆಗಳವರನ್ನು ಮಾತನಾಡಿಸಿ 2016ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಅವರಲ್ಲಿ ನೂರಕ್ಕೆ 43 ಮಂದಿಗೆ ಆ ಒಪ್ಪಂದ ಕೈಗೂಡಲೇ ಇಲ್ಲ. ಇನ್ನು ನೂರಕ್ಕೆ 30 ಮಂದಿಗೆ ಷರತ್ತುಗಳು ಬದಲಾದವು. ಕಂಡದ್ದು ಕಂಡಂತೆಯೇ ನಡೆದದ್ದು ಸುಮಾರು ಕಾಲುಭಾಗದವರಿಗೆ. ಇದನ್ನು ಮೋಸ ಎನ್ನಲಾರೆ. ನಿಶ್ಚಿತಾರ್ಥವನ್ನೇ ಮದುವೆ ಎಂದು ತಿಳಿದು ಅಕ್ಷತೆ ಹಾಕಿ ಬಂದವರು ನಾವು.

ಇನ್ನು ನನ್ನ ತಕರಾರಿಗೆ ಬರುತ್ತೇನೆ. ನಾವು ವೀಕ್ಷಕರು ಈ ಕಾರ್ಯಕ್ರಮವನ್ನು ನೋಡುತ್ತಿರುವ ಕಣ್ಣು ಹಳೆಯ ರಸಪ್ರಶ್ನೆ ಕಾರ್ಯಕ್ರಮಗಳಿಂದ ಎರವಲು ತಂದದ್ದು. 2000ದಲ್ಲಿ ‘ಕೌನ್ ಬನೇಗಾ ಕರೋಡ್‌ಪತಿ’ ಬಂತು. 2012ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ನಿರೂಪಣೆಯಲ್ಲಿ ‘ಕನ್ನಡದ ಕೋಟ್ಯಧಿಪತಿ’ ಬಂದು ನಮ್ಮ ಮನೆಗಳಿಗೆ ಇನ್ನಷ್ಟು ಹತ್ತಿರವಾಯಿತು. ಅಲ್ಲಿ ಗೆದ್ದವರಿಗೆ ಹಣ ಬರುತ್ತದೆ, ಹಿಂತಿರುಗಿ ಕೊಡಬೇಕಾದದ್ದು ಏನೂ ಇಲ್ಲ. ಅದೇ ಅಭ್ಯಾಸದಲ್ಲಿ ನಾವು ಇಲ್ಲಿಯೂ ಹಣ ಪಡೆದವನನ್ನು ಗೆದ್ದವನೆಂದೂ ಬರಿಗೈಲಿ ಹೋದವನನ್ನು ಸೋತವನೆಂದೂ ಎಣಿಸುತ್ತೇವೆ. ಹೂಡಿಕೆದಾರರನ್ನು ‘ತೀರ್ಪುಗಾರರು’ ಎಂದು ಪತ್ರಿಕೆಗಳಲ್ಲಿ ನಾವೇ ಬರೆಯುತ್ತೇವೆ. ಅವರು ತೀರ್ಪುಗಾರರಲ್ಲ, ಗಿರಾಕಿಗಳು. ಕಂಪನಿಯ ಒಂದು ತುಂಡನ್ನು ಆದಷ್ಟು ಅಗ್ಗಕ್ಕೆ ಕೊಳ್ಳಲು ಬಂದವರು. ಸೀರೆ ಕೊಳ್ಳಲು ಬಂದ ಗಿರಾಕಿ ‘ಬಣ್ಣ ಚೆನ್ನಾಗಿಲ್ಲ’ ಎಂದದ್ದನ್ನು ನೇಕಾರನ ಮೇಲಿನ ತೀರ್ಪೆಂದು ಯಾರಾದರೂ ಭಾವಿಸುವುದುಂಟೇ?

ಮೊದಲ ಆವೃತ್ತಿಯ ಒಂದು ಕಂತು ಅನೇಕರಿಗೆ ನೆನಪಿರಬೇಕು. ಮಹಾರಾಷ್ಟ್ರದ ಮಾಲೇಗಾಂವ್ ಕಡೆಯ ರೈತರೊಬ್ಬರು, ಔಷಧದ ಡಬ್ಬಿಯನ್ನು ಬೆನ್ನಿಗೆ ಹೊರದೆ ಬೆಳೆಗೆ ಸಿಂಪಡಿಸಬಲ್ಲ, ಸೈಕಲ್ಲಿನಂತೆ ತಳ್ಳುವ ಗಾಡಿಯೊಂದನ್ನು ತಾವೇ ಮಾಡಿಕೊಂಡು ಬಂದಿದ್ದರು. ಲೆನ್ಸ್‌ಕಾರ್ಟ್‌ನ ಪೀಯೂಷ್ ಬನ್ಸಲ್ ಅವರಿಗೆ ನೂರಕ್ಕೆ 40ರ ಪಾಲಿಗೆ 10 ಲಕ್ಷ ರೂಪಾಯಿಯನ್ನೂ ಬೇರೆಯಾಗಿ 20 ಲಕ್ಷ ಸಾಲವನ್ನೂ ಕೊಡಲು ಒಪ್ಪಿದರು. ನೋಡುತ್ತಿದ್ದವರ ಕಣ್ಣು ಒದ್ದೆಯಾಯಿತು, ನನ್ನದೂ ಆಯಿತು. ಮರುದಿನ ಕೇಳಿದ ಅಭಿಪ್ರಾಯಗಳು ಎರಡೇ ಬಗೆಯವು. ಒಂದು, ‘ಎಂಥ ಔದಾರ್ಯ!’ ಇನ್ನೊಂದು, ‘ಬಡ ರೈತನ 40 ಪಾಲು ಹೊಡೆದುಕೊಂಡರಲ್ಲ!’ ಮೊದಲಿನವರು ಅದನ್ನು ದಾನವೆಂದು ತಿಳಿದರು, ಎರಡನೆಯವರು ದರೋಡೆಯೆಂದು. ಅದು ಎರಡೂ ಅಲ್ಲ. ಇನ್ನೂ ಮಾರಾಟವೇ ಸರಿಯಾಗಿ ಶುರುವಾಗದ ಯಂತ್ರಕ್ಕೆ ಹಣ ಮಾತ್ರವಲ್ಲದೆ ವಿನ್ಯಾಸ, ತಯಾರಿಕೆ, ಮಾರಾಟ ಎಲ್ಲದರ ನೆರವೂ ಬೇಕು. ಅದನ್ನು ಕೊಡಬಲ್ಲವನು ದೊಡ್ಡ ಪಾಲು ಕೇಳುವುದು ಸಹಜ. ಆದರೆ ಮೊದಲ ಸುತ್ತಿನಲ್ಲೇ 40 ಕೊಟ್ಟವನ ಬಳಿ ಉಳಿಯುವುದು 60. ಮುಂದೆ ಇನ್ನೊಬ್ಬ ಹೂಡಿಕೆದಾರ ಬಂದು ಕಂಪನಿಯ ಐದನೆಯ ಒಂದು ಭಾಗ ಕೇಳಿದರೆ ಆ 60 ಎಂಬುದು 48ಕ್ಕೆ ಇಳಿಯುತ್ತದೆ. ತಾನು ಕಟ್ಟಿದ ಉದ್ದಿಮೆಯಲ್ಲಿ ಅರ್ಧಕ್ಕೂ ಕಡಿಮೆ. ಈ ಲೆಕ್ಕವನ್ನು ಕಣ್ಣೀರಿನ ನಡುವೆ ಯಾರೂ ಹಾಕಲಿಲ್ಲ. ಹಿನ್ನೆಲೆ ಸಂಗೀತ ಅದಕ್ಕೆ ಆಸ್ಪದ ಕೊಡುವಂಥದ್ದೂ ಆಗಿರಲಿಲ್ಲ.

ನಿರಾಕರಣೆಯ ವಿಷಯದಲ್ಲಂತೂ ನಮ್ಮ ಗೊಂದಲ ಇನ್ನೂ ಹೆಚ್ಚು. ನಿರಾಕರಿಸಲ್ಪಟ್ಟು ಬಳಿಕ ಗೆದ್ದವರ ಕಥೆಗಳನ್ನು ಜನ ಪ್ರೀತಿಯಿಂದ ಹೇಳಿಕೊಳ್ಳುತ್ತಾರೆ. ಮಕ್ಕಳು ಸವಾರಿ ಮಾಡಬಹುದಾದ ಟ್ರಂಕಿ ಸೂಟ್‌ಕೇಸ್ ಹಿಡಿದು 2006ರಲ್ಲಿ ಬ್ರಿಟನ್ನಿನ ಡ್ರ್ಯಾಗನ್‌ಗಳ ಮುಂದೆ ನಿಂತವನ ಪಟ್ಟಿಯನ್ನು ಒಬ್ಬ ಡ್ರ್ಯಾಗನ್ ಎಳೆದು ಕಿತ್ತೇಬಿಟ್ಟ. ಆ ಪೆಟ್ಟಿಗೆ ಬಳಿಕ ಲಕ್ಷಾಂತರ ಸಂಖ್ಯೆಯಲ್ಲಿ ಮಾರಾಟವಾಯಿತು. ಕ್ಯಾಮೆರಾ ಇರುವ ಬಾಗಿಲ ಗಂಟೆಯೊಂದನ್ನು ತೋರಿಸಿ, ನೂರಕ್ಕೆ 10ರ ಪಾಲಿಗೆ 7 ಲಕ್ಷ ಡಾಲರ್ ಕೇಳಿದವನು 2013ರಲ್ಲಿ ಅಮೆರಿಕದ ಶಾರ್ಕ್‌ಗಳಿಂದ ಬರಿಗೈಲಿ ಹಿಂತಿರುಗಿದ. ಆ ಕಂಪನಿಯೇ ‘ರಿಂಗ್’ ಎಂಬ ಹೆಸರಿನಲ್ಲಿ ಬೆಳೆದು, 2018ರಲ್ಲಿ ಅಮೆಜಾನ್ ಅದನ್ನು ನೂರು ಕೋಟಿ ಡಾಲರ್ ಆಸುಪಾಸಿನ ಬೆಲೆಗೆ ಕೊಂಡಿತು. ಕೇಳಲು ರೋಮಾಂಚನವಾಗುತ್ತದೆ. ಆದರೆ ಈ ಕಥೆಗಳೂ ಹಳೆಯ ಅಳತೆಗೋಲನ್ನೇ ಎತ್ತಿಹಿಡಿಯುತ್ತವೆ. ಕೊನೆಗೆ ಕೋಟಿಗಟ್ಟಲೆ ಬಂತಲ್ಲ, ಆದ್ದರಿಂದ ಅವನು ಸರಿ ಎಂಬ ವಾದ ಅದು. ಕೋಟಿಗಟ್ಟಲೆ ಬಾರದೆಯೂ ಸರಿಯಾಗಿರುವ ವ್ಯಾಪಾರಗಳ ಮಾತೇನು?

ಒಂದು ಉದಾಹರಣೆಯನ್ನು ಊಹಿಸಿಕೊಳ್ಳೋಣ. ಉತ್ತರ ಕರ್ನಾಟಕದ ಒಂದು ಊರಿನಲ್ಲಿ ಖಡಕ್ ರೊಟ್ಟಿ ಮಾಡಿ ಮಾರುವ ಘಟಕವಿದೆ. ವರ್ಷಕ್ಕೆ 60 ಲಕ್ಷದ ವಹಿವಾಟು, ಎಲ್ಲ ಖರ್ಚು ಕಳೆದು 9 ಲಕ್ಷ ಲಾಭ. ಹತ್ತು ಹನ್ನೆರಡು ಹೆಂಗಸರಿಗೆ ಕೆಲಸ. ಯಂತ್ರಕ್ಕಾಗಿ 20 ಲಕ್ಷ ಬೇಕಾಗಿದೆ. ಬ್ಯಾಂಕಿನಿಂದ ನೂರಕ್ಕೆ 11ರ ಬಡ್ಡಿಯಲ್ಲಿ ಐದು ವರ್ಷಕ್ಕೆ ಸಾಲ ಪಡೆದರೆ ತಿಂಗಳ ಕಂತು ಸುಮಾರು 43,500 ರೂಪಾಯಿ; ಒಟ್ಟು ಬಡ್ಡಿ ಆರು ಲಕ್ಷದಷ್ಟು. ಕಷ್ಟವಾದರೂ ಐದು ವರ್ಷಕ್ಕೆ ಋಣ ತೀರಿತು, ಘಟಕ ಪೂರ್ತಿ ತಮ್ಮದೇ. ಈಗ ಅದೇ 20 ಲಕ್ಷವನ್ನು ಐದನೆಯ ಒಂದು ಪಾಲು ಮಾರಿ ಪಡೆದರು ಎನ್ನಿ. ಘಟಕದ ಬೆಲೆ ಒಂದು ಕೋಟಿ ಎಂದಾಯಿತು. ಕೇಳಲು ಹಿತವಾಗಿದೆ. ಆದರೆ ಹೂಡಿಕೆದಾರ ಹತ್ತು ಕಡೆ ಹಣ ಹಾಕಿದರೆ ಬಹುಪಾಲು ಮುಳುಗುತ್ತದೆಂದು ಅವನಿಗೆ ಗೊತ್ತು. ಉಳಿದ ಒಂದೆರಡು ಹತ್ತುಪಟ್ಟು ಬೆಳೆದು ಎಲ್ಲವನ್ನೂ ತುಂಬಿಕೊಡಬೇಕು. ಅಂದರೆ ಆ ಘಟಕ ಕೆಲವೇ ವರ್ಷಗಳಲ್ಲಿ ಹತ್ತು ಕೋಟಿ ಬೆಲೆಬಾಳಬೇಕು, 9 ಲಕ್ಷದ ಲಾಭ 90 ಲಕ್ಷವಾಗಬೇಕು. ಅಷ್ಟು ರೊಟ್ಟಿಯನ್ನು ದೆಹಲಿ ಮುಂಬಯಿಗಳಲ್ಲಿ ಮಾರಬೇಕು, ಜಾಹೀರಾತಿಗೆ ಸುರಿಯಬೇಕು, ಆ ಸುರಿಮಳೆಗೆ ಮತ್ತೆ ಹೊಸ ಹೂಡಿಕೆ ತರಬೇಕು. ರೊಟ್ಟಿ ಘಟಕದ ಒಡತಿಗೆ ಅದು ಬೇಕೇ? ಬೇಡವೆಂದಾದರೆ ಅವಳದ್ದು ಕೆಟ್ಟ ವ್ಯಾಪಾರವಲ್ಲ, ಆ ಬಗೆಯ ಹಣಕ್ಕೆ ಒಗ್ಗದ ವ್ಯಾಪಾರ. ಶಾರ್ಕ್ ‘ನಾನು ಔಟ್’ ಎಂದಾಗ ಹೇಳುತ್ತಿರುವುದು ಬಹುಮಟ್ಟಿಗೆ ಇದನ್ನೇ. ನಮಗೆ ಕೇಳಿಸುವುದು ಮಾತ್ರ ‘ನೀನು ನಾಲಾಯಕ್ಕು’ ಎಂದು.

ಇದು ಬರೀ ಟಿವಿಯ ಮುಂದಿನ ಹರಟೆಯಾಗಿ ಉಳಿದಿದ್ದರೆ ನಾನು ಬರೆಯಲು ಹೊರಡುತ್ತಿರಲಿಲ್ಲ. ಬೆಂಗಳೂರಿನ ನನ್ನ ಪರಿಚಿತರೊಬ್ಬರು ಹಲವು ವರ್ಷಗಳಿಂದ ಮನೆಯಲ್ಲಿಯೇ ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ ಮಾಡಿ ಮಾರುತ್ತಾರೆ. ಸುತ್ತಲಿನ ನಾಲ್ಕಾರು ಬಡಾವಣೆಗಳಲ್ಲಿ ಖಾಯಂ ಗಿರಾಕಿಗಳಿದ್ದಾರೆ. ಪುಡಿ ಮಾಡುವ ದೊಡ್ಡ ಯಂತ್ರ ಕೊಳ್ಳಲು ಸಹಕಾರ ಸಂಘವೊಂದರಿಂದ ಸಾಲ ತೆಗೆಯಲು ಹೊರಟರು, ಜಾಮೀನಿಗೆ ಮನೆಯವರ ಸಹಿ ಬೇಕಾಯಿತು. ಒಳ್ಳೆಯ ಕೆಲಸದಲ್ಲಿರುವ ಮೈದುನ, ‘ಅತ್ತಿಗೆ, ಇದು ಸ್ಕೇಲ್ ಆಗುವ ಬಿಸಿನೆಸ್ ಅಲ್ಲ. ಮಸಾಲೆಪುಡಿಯವರನ್ನು ಶಾರ್ಕ್‌ಗಳು ಹೇಗೆ ವಾಪಸು ಕಳಿಸುತ್ತಾರೆ ನೋಡಿದ್ದೀರಲ್ಲ’ ಎಂದು ಸಹಿ ಹಾಕಲಿಲ್ಲ. ಅವನೇನೂ ಕೆಟ್ಟವನಲ್ಲ. ಅತ್ತಿಗೆಯನ್ನು ಸಾಲದಿಂದ ಕಾಪಾಡಿದೆನೆಂದೇ ನಂಬಿದ್ದಾನೆ. ಆಕೆ ಈಗಲೂ ಹಳೆಯ ಮಿಕ್ಸರಿನಲ್ಲೇ ಪುಡಿ ಮಾಡುತ್ತಾರೆ, ಹಬ್ಬದ ತಿಂಗಳಲ್ಲಿ ಬಂದ ಬೇಡಿಕೆಯಲ್ಲಿ ಅರ್ಧವನ್ನು ಬಿಟ್ಟುಕೊಡುತ್ತಾರೆ. ಆಕೆಗೆ ಬೇಕಾಗಿದ್ದುದು ಎರಡು ಲಕ್ಷ ರೂಪಾಯಿ ಸಾಲ ಮತ್ತು ಒಂದು ಸಹಿ; ಯಾರ ಪಾಲುದಾರಿಕೆಯೂ ಅಲ್ಲ.

ವಿಪರ್ಯಾಸವೆಂದರೆ, ಇಂಥವರಿಗೆ ಹಣ ಒದಗಿಸುವ ವಿದ್ಯೆಯಲ್ಲಿ ನಮ್ಮ ನಾಡು ದೇಶಕ್ಕೇ ಮುಂದಾಗಿತ್ತು. ದೇಶದ ಮೊದಲ ಕೃಷಿ ಸಹಕಾರ ಸಂಘ ಹುಟ್ಟಿದ್ದು 1905ರಲ್ಲಿ, ಗದಗ ಸೀಮೆಯ ಕಣಗಿನಹಾಳದಲ್ಲಿ. ಮರುವರ್ಷ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕಿನ ಮೂಲಸಂಸ್ಥೆಯನ್ನು ಕಟ್ಟಿದರು. 1925ರಲ್ಲಿ ಉಡುಪಿಯಲ್ಲಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆ ಆರಂಭವಾದದ್ದು 8,000 ರೂಪಾಯಿ ಬಂಡವಾಳದಿಂದ, ಕಷ್ಟಕ್ಕೆ ಸಿಕ್ಕಿದ್ದ ಕೈಮಗ್ಗದ ನೇಕಾರರಿಗೆ ನೆರವಾಗಲೆಂದು. ಅದು 1928ರಲ್ಲಿ ತಂದ ಪಿಗ್ಮಿ ಠೇವಣಿಯಲ್ಲಿ ಏಜೆಂಟನು ದಿನವೂ ಮನೆಬಾಗಿಲಿಗೆ ಬಂದು ಎರಡಾಣೆ ಎತ್ತಿಕೊಂಡು ಹೋಗುತ್ತಿದ್ದ. ದಿನಾ ಎರಡಾಣೆ ತಪ್ಪದೆ ಕಟ್ಟಿದವನ ಹೆಸರು ಬ್ಯಾಂಕಿಗೆ ಗೊತ್ತಾಗುತ್ತಿತ್ತು, ನಡತೆಯೂ ಗೊತ್ತಾಗುತ್ತಿತ್ತು. ಸಾಲ ಕೇಳಲು ಅವನು ಭಾಷಣ ಮಾಡಬೇಕಿರಲಿಲ್ಲ. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಮಾತು ಸ್ವಲ್ಪ ದೂರ ಹೋಯಿತು, ನಿಜ. ಆದರೆ ಪಿಗ್ಮಿ ಏಜೆಂಟನ ಮೇಲೆ ಯಾವ ವಾಹಿನಿಯೂ ಕ್ಯಾಮೆರಾ ತಿರುಗಿಸಲಿಲ್ಲ ಎಂಬುದನ್ನು ಹೇಳದೆ ಇರಲಾರೆ.

ರಾಷ್ಟ್ರೀಕೃತ ಬ್ಯಾಂಕೊಂದರಿಂದ ನಿವೃತ್ತರಾದ ನೆರೆಯ ಹಿರಿಯರು ಈ ಕಾರ್ಯಕ್ರಮವನ್ನು ತಪ್ಪದೆ ನೋಡುತ್ತಾರೆ. ಒಮ್ಮೆ ಅವರೆಂದರು: ‘ಇದೇ ಪ್ರಶ್ನೆಗಳನ್ನು ನಾನು ಮೂವತ್ತು ವರ್ಷ ಕೇಳಿದೆ. ಮಾರಾಟ ಎಷ್ಟು, ಬಾಕಿ ಎಷ್ಟು, ಸರಕು ಎಷ್ಟು ದಿನ ಕೂತಿರುತ್ತೆ ಅಂತ. ನನ್ನನ್ನು ಕಲ್ಲೆದೆಯವನು ಅಂದರು. ಇವರು ಕೋಟು ಹಾಕಿಕೊಂಡು ಕೇಳಿದರೆ ಗುರುಗಳು ಅಂತಾರೆ.’ ಅವರ ಮಾತಿನಲ್ಲಿ ಅಸೂಯೆಯ ಅಂಶವೂ ಇತ್ತೆನ್ನಿ. ಬ್ಯಾಂಕುಗಳೇನೂ ಸಂತರ ಮಠಗಳಲ್ಲ. ಅಡಮಾನವಿಲ್ಲದೆ 10 ಲಕ್ಷದವರೆಗೆ ಸಾಲ ಕೊಡಬೇಕಾದ ಮುದ್ರಾ ಯೋಜನೆ 2015ರಲ್ಲಿ ಬಂದ ಮೇಲೂ, 2024ರಲ್ಲಿ ಹಿಂದಿನ ಸಾಲ ತೀರಿಸಿದವರಿಗೆ ಅದು 20 ಲಕ್ಷಕ್ಕೆ ಏರಿದ ಮೇಲೂ, ಶಾಖೆಯಿಂದ ಶಾಖೆಗೆ ಅಲೆದು ಸೋತವರನ್ನು ನಾನು ಕಂಡಿದ್ದೇನೆ. ಐದು ನಿಮಿಷ ಕೂರಿಸಿಕೊಂಡು ಕೇಳುವ ಶಾರ್ಕ್ ಅಂಥವರಿಗೆ ದೇವರಂತೆ ಕಂಡರೆ ಆಶ್ಚರ್ಯವಿಲ್ಲ.

ಕಾರ್ಯಕ್ರಮದಿಂದ ಒಳಿತಾಗಿಲ್ಲ ಎಂದಲ್ಲ. ಬೆಂಗಳೂರಿನ ಥಿಂಕರ್‌ಬೆಲ್ ಸಂಸ್ಥೆಯವರು ಅಂಧ ಮಕ್ಕಳು ತಾವಾಗಿಯೇ ಬ್ರೈಲ್ ಕಲಿಯಬಹುದಾದ ಸಾಧನವನ್ನು ಅಲ್ಲಿ ತೋರಿಸಿದಾಗ, ಅಂಥದ್ದೊಂದು ಇದೆಯೆಂದೇ ತಿಳಿಯದಿದ್ದ ಲಕ್ಷಾಂತರ ಮನೆಗಳಿಗೆ ಅದು ತಿಳಿಯಿತು. ಪೂಜೆಯ ಹೂವನ್ನು ಕೆಡದಂತೆ ಮನೆಮನೆಗೆ ತಲುಪಿಸುವ ನಮ್ಮ ಊರಿನ ಉದ್ದಿಮೆಯೊಂದು ‘ಹೂವು’ ಎಂಬ ಅಚ್ಚಗನ್ನಡದ ಹೆಸರಿನೊಂದಿಗೆ ಹಿಂದಿಯ ಆ ವೇದಿಕೆಯಲ್ಲಿ ನಿಂತಾಗ ನನಗೂ ಖುಷಿಯಾಯಿತು. ಹಣಕ್ಕಿಂತ ಈ ಪ್ರಚಾರಕ್ಕಾಗಿಯೇ ಬರುವವರಿದ್ದಾರೆಂದು ವೀಕ್ಷಕರು ಆಗಾಗ ಮೂಗು ಮುರಿಯುತ್ತಾರೆ. ನನಗಂತೂ ಅದರಲ್ಲಿ ತಪ್ಪು ಕಾಣುವುದಿಲ್ಲ. ಜಾಹೀರಾತಿಗೆ ಕೋಟಿ ಸುರಿಯಲಾರದವನು ಬಿಟ್ಟಿ ಸಿಕ್ಕ ಹತ್ತು ನಿಮಿಷವನ್ನು ಬಳಸಿಕೊಂಡರೆ ಅದು ವ್ಯಾಪಾರದ ಜಾಣತನ.

ಆದರೆ ಅಲ್ಲಿಯವರೆಗೆ ತಲುಪುವವರು ಎಷ್ಟು ಮಂದಿ? ಮೊದಲ ಆವೃತ್ತಿಗೆ 62 ಸಾವಿರ ಮಂದಿ ಅರ್ಜಿ ಹಾಕಿದ್ದರೆಂದು ಆಗ ಪ್ರಕಟವಾಗಿತ್ತು. ತೆರೆಯ ಮೇಲೆ ಬಂದ ಉದ್ದಿಮೆಗಳು 198, ಒಪ್ಪಂದದ ಕೈಕುಲುಕು ಸಿಕ್ಕಿದ್ದು 67ಕ್ಕೆ. ಉಳಿದ ಸಾವಿರಾರು ಮಂದಿ ಏನಾದರು, ಆ 67ರಲ್ಲಿ ಎಷ್ಟಕ್ಕೆ ನಿಜವಾಗಿ ಹಣ ಬಂತು, ಎಷ್ಟು ಈಗಲೂ ಉಸಿರಾಡುತ್ತಿವೆ, ಎಂಬುದನ್ನು ಆವೃತ್ತಿ ಮುಗಿದ ಮೇಲೆ ಒಂದು ಇಡೀ ಕಂತಿನಲ್ಲಿ ಹೆಸರು ಹಿಡಿದು ಹೇಳಲು ವಾಹಿನಿಗೆ ಏನು ಅಡ್ಡಿ? ಅಮೆರಿಕದ ಕಾರ್ಯಕ್ರಮದಲ್ಲಿ ಹಳಬರ ಪ್ರಗತಿ ತೋರಿಸುವ ತುಣುಕುಗಳಿರುತ್ತವೆ, ಆದರೆ ಅವು ಹೆಚ್ಚಾಗಿ ಬೆಳೆದವರ ಮೆರವಣಿಗೆ. ಮುರಿದುಬಿದ್ದ ಒಪ್ಪಂದಗಳ ಕಂತೂ ಒಂದು ಬೇಕು. ಯಾರು ಹಿಂದೆ ಸರಿದರು, ಹೂಡಿಕೆದಾರರೋ ಉದ್ದಿಮೆಯವರೋ, ಯಾವ ಷರತ್ತಿಗೆ? ಅಂಥ ಒಂದು ಕಂತು, ಹಿನ್ನೆಲೆ ಸಂಗೀತವಿಲ್ಲದೆ, ಮನೆ ಅಡವಿಟ್ಟು ವ್ಯಾಪಾರಕ್ಕೆ ಇಳಿಯಬೇಕೆಂದಿರುವ ಯುವಕನಿಗೆ ಉಳಿದೆಲ್ಲ ಕಂತುಗಳಿಗಿಂತ ಹೆಚ್ಚು ಉಪಯೋಗಕ್ಕೆ ಬಂದೀತು.

ಇದೇ ಬಗೆಯ ಕಾರ್ಯಕ್ರಮಗಳು ತೆಲುಗಿನಲ್ಲಿ 2023ರಲ್ಲಿ, ತಮಿಳಿನಲ್ಲಿ 2025ರಲ್ಲಿ ಬಂದವು. ಕನ್ನಡದಲ್ಲಿ ಇಂಥದ್ದನ್ನು ದೊಡ್ಡದಾಗಿ ಮಾಡಹೊರಡುವ ವಾಹಿನಿಯವರಲ್ಲಿ ನನ್ನದೊಂದು ಸಲಹೆ ಇದೆ. ಹೂಡಿಕೆದಾರರ ಆ ಐದು ಕುರ್ಚಿಗಳ ಪಕ್ಕದಲ್ಲಿ ಆರನೆಯದೊಂದನ್ನು ಹಾಕಿ, ಅಲ್ಲಿ ಸಾಲ ಮಂಜೂರು ಮಾಡುವ ಅಧಿಕಾರವಿರುವ ಬ್ಯಾಂಕ್ ಮ್ಯಾನೇಜರರೊಬ್ಬರನ್ನು ಕೂರಿಸಿ. ಐವರೂ ‘ಔಟ್’ ಎಂದ ಮೇಲೆ, ಸಾರಿನ ಪುಡಿಯ ಪೊಟ್ಟಣಗಳನ್ನು ಚೀಲಕ್ಕೆ ತುಂಬಿಕೊಳ್ಳುತ್ತಿರುವ ಹೆಣ್ಣುಮಗಳನ್ನು ಅವರು, ‘ತಿಂಗಳಿಗೆ ಎಷ್ಟು ಕಂತು ಕಟ್ಟಬಲ್ಲಿರಿ, ತಾಯಿ?’ ಎಂದು ಕೇಳಲಿ.